ಇಂಜಿನ್ ಕೊಳ್ಳುವ ಮುನ್ನ ಹಲಗೆ ಅಳೆಯಿರಿ

ಮಾನ್ಯರೇ,

ನನ್ನದೊಂದು ಸಣ್ಣ ನಾಡದೋಣಿ ಇದೆ. ಕಳೆದ ವರ್ಷ ಔಟ್‌ಬೋರ್ಡ್ ಇಂಜಿನ್ (ದೋಣಿಯ ಹಿಂಬದಿ ಹಲಗೆಗೆ ಹೊರಗಿನಿಂದ ಕೂರಿಸುವ ಇಂಜಿನ್) ಕೊಂಡಾಗ ಅಂಗಡಿಯವರು ಕೇಳಿದ್ದು ಎಷ್ಟು ಎಚ್‌ಪಿ ಎಂದು ಮಾತ್ರ. ಇಂಜಿನ್ನಿನಿಂದ ನೀರೊಳಗಿನ ಫ್ಯಾನಿನ ಕಡೆಗೆ ಇಳಿಯುವ ಶಾಫ್ಟ್‌ನ ಉದ್ದದ ಮಾತನ್ನು ಅವರೂ ಎತ್ತಲಿಲ್ಲ, ನನಗೂ ಹೊಳೆಯಲಿಲ್ಲ. ನನ್ನ ದೋಣಿಯ ಹಿಂಬದಿ ಹಲಗೆಯ ಎತ್ತರ 20 ಇಂಚು. ಬಂದದ್ದು 15 ಇಂಚಿನ ಶಾಫ್ಟ್! ಅಳಿವೆ (ನದಿ ಕಡಲು ಸೇರುವ ಬಾಯಿ) ದಾಟುವಾಗ ತೆರೆ ಎತ್ತಿದಾಗಲೆಲ್ಲ ಫ್ಯಾನು ಗಾಳಿ ಎಳೆದುಕೊಂಡು ಬರೀ ತಿರುಗುತ್ತಿತ್ತು. ಇಂಜಿನ್ ಕಿರುಚುತ್ತದೆ, ದೋಣಿ ಮಾತ್ರ ಮುಂದೆ ಹೋಗುವುದಿಲ್ಲ. ತಂಪು ಮಾಡುವ ನೀರು ಸರಿಯಾಗಿ ಏರದೆ ಬಿಸಿಯೂ ಆಗುತ್ತಿತ್ತು. ಆ ಹೊತ್ತಿನ ಭಯ ಅಳಿವೆ ದಾಟಿದವರಿಗೇ ಗೊತ್ತು.

ಹಾಗಂತ ಉದ್ದ ಜಾಸ್ತಿಯಾದರೂ ಕಷ್ಟವೇ. ಮರಳಿಗೆ ತಾಗುತ್ತದೆ, ಎಣ್ಣೆ ಸುಮ್ನೆ ಖರ್ಚು.

ಇಂಜಿನ್ ಕೂರುವ ಜಾಗದಲ್ಲಿ ಹಲಗೆಯ ಮೇಲಂಚಿನಿಂದ ದೋಣಿಯ ತಳದವರೆಗೆ ಟೇಪ್ ಹಿಡಿದರೆ ಬೇಕಾದ ಶಾಫ್ಟಿನ ಅಳತೆ ಸಿಕ್ಕಿತು. ಫ್ಯಾನಿನ ಮೇಲಿರುವ ಚಪ್ಪಟೆ ತಗಡು ತಳದ ಮಟ್ಟಕ್ಕೆ, ಇಲ್ಲವೇ ಒಂದಿಂಚು ಕೆಳಗೆ ಬರಬೇಕು. ಎರಡು ನಿಮಿಷದ ಕೆಲಸ, ಅಲ್ವಾ?

ಮಾರುವವರು ಬಿಲ್ಲಿನಲ್ಲಿ ಎಚ್‌ಪಿ ಜತೆ ಶಾಫ್ಟ್ ಅಳತೆಯನ್ನೂ ಬರೆದುಕೊಡಲಿ. ನನ್ನ ಬಿಲ್ಲಿನಲ್ಲಿ ಇಂಜಿನ್ನಿನ ಬಣ್ಣ ಕೂಡ ಇತ್ತು, ಇದೊಂದು ಬಿಟ್ಟು.

– ನಾಡದೋಣಿ ಮೀನುಗಾರ, ಗಂಗೊಳ್ಳಿ