ಕಿರುಚಿತ್ರಕ್ಕೆ ದುಡ್ಡು ಮೊದಲೇ ಸಿಗಲಿ

ಮಾನ್ಯರೇ,

ನಮ್ಮೂರಿನ ಕೌದಿ (ಹಳೇ ಬಟ್ಟೆಯ ಹೊದಿಕೆ) ಹೊಲಿಯುವ ಅಜ್ಜಿಯರ ಮೇಲೆ 15 ನಿಮಿಷದ ಕಿರುಚಿತ್ರ ಮಾಡಲು ನಾವು ಕೆಲವು ಗೆಳತಿಯರು ಹೊರಟಿದ್ದೇವೆ. ಆ ಅಜ್ಜಿಯರಲ್ಲಿ ಇಬ್ಬರಿಗೆ 80 ದಾಟಿದೆ, ಜಾಸ್ತಿ ಕಾಯುವ ಹಾಗಿಲ್ಲ. ಕಥೆ ಸಿದ್ಧವಿದೆ, ದುಡ್ಡಿಲ್ಲ. ಕ್ಯಾಮೆರಾ, ಲೆನ್ಸ್ ಬಾಡಿಗೆಗೆ ಹುಬ್ಬಳ್ಳಿಗೆ ಹೋಗಬೇಕು. ಸೌಂಡ್ ರೆಕಾರ್ಡಿಸ್ಟ್ ಬೆಂಗಳೂರಿನಿಂದ ಬರಬೇಕು. ಅವರ ದಿನದ ಸಂಬಳ, ಬಸ್ ಚಾರ್ಜು, ಉಳಿಯುವ ಖರ್ಚು ಬೇರೆ. ತಂಡಕ್ಕೆ ಎರಡು ಹೊತ್ತಿನ ಊಟ, ಚಹಾ. ಆಮೇಲೆ ಎಡಿಟಿಂಗ್, ಸಬ್‌ಟೈಟಲ್, ಚಿತ್ರೋತ್ಸವಗಳ ಪ್ರವೇಶ ಶುಲ್ಕ. ಈ ಕೊನೇ ಖರ್ಚನ್ನು ಬಹಳ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಊರಿನ ಅಂಗಡಿ ಮಾಲೀಕರೊಬ್ಬರು ‘ಹಾಕಿದ ದುಡ್ಡು ವಾಪಸ್ ಬರುತ್ತಾ?’ ಎಂದು ಕೇಳಿದರು. ಬರಲ್ಲ ಎಂದು ನೇರವಾಗಿ ಹೇಳಿದೆ. ಕಿರುಚಿತ್ರಕ್ಕೆ ಯಾರೂ ಟಿಕೆಟ್ ತಗೊಂಡು ಬರಲ್ಲ, ಅಲ್ವಾ? ನಿರ್ದೇಶಕ ಪವನ್ ಕುಮಾರ್ ಜನರಿಂದಲೇ ಹಣ ಕೂಡಿಸಿ ‘ಲೂಸಿಯಾ’ ಮಾಡಿದರು, ನಿಜ. ಆದರೆ ಅದು 2013ರಲ್ಲಿ ಥಿಯೇಟರಿಗೆ ಬಂದ ಪೂರ್ತಿ ಸಿನಿಮಾ. 2024ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದ ಲಾ ಸಿನೆಫ್ ಎಂಬ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ಗೆದ್ದ ಚಿದಾನಂದ ಎಸ್. ನಾಯ್ಕ್ ಅವರ ಕನ್ನಡ ಕಿರುಚಿತ್ರದ ಹಿಂದೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಇತ್ತು. ಹಾಗೆ ಬೆನ್ನಿಗೆ ನಿಲ್ಲುವ ಸಂಸ್ಥೆ ಇಲ್ಲದವರು ಯಾರ ಬಾಗಿಲು ತಟ್ಟಬೇಕು?

ರಾಜ್ಯ ಸರ್ಕಾರದ ಸಹಾಯಧನ ಸಿಗುವುದು ಮುಗಿದ ಸಿನಿಮಾಗಳಿಗೆ. ನಮಗೆ ಹಣ ಬೇಕಿರುವುದು ಶುರು ಮಾಡಲು. ಕರ್ನಾಟಕ ಚಲನಚಿತ್ರ ಅಕಾಡೆಮಿ ಪ್ರತಿ ಜಿಲ್ಲೆಯಿಂದ ವರ್ಷಕ್ಕೆ ಎರಡಾದರೂ ಸ್ಕ್ರಿಪ್ಟ್ ಆರಿಸಲಿ. ಅರ್ಧ ಹಣ ಶೂಟಿಂಗ್‌ಗೆ ಮುಂಚೆ, ಉಳಿದದ್ದು ರಫ್ ಕಟ್ (ಮೊದಲ ಸುತ್ತಿನ ಎಡಿಟಿಂಗ್ ಆದ ಚಿತ್ರ) ನೋಡಿದ ಮೇಲೆ ಕೊಡಲಿ. ಖರ್ಚಿನ ಬಿಲ್‌ಗಳನ್ನೆಲ್ಲ ಒಪ್ಪಿಸಲು ನಾವು ತಯಾರಿದ್ದೇವೆ.

– ಪ್ರೌಢಶಾಲಾ ಶಿಕ್ಷಕಿ, ರಾಣೆಬೆನ್ನೂರು