ಶನಿವಾರದ ದೆವ್ವದ ಸಿನಿಮಾ: ಬರುವವರು ತಿಳಿಸಿ

ಎಲ್ಲರಿಗೂ ನಮಸ್ಕಾರ. ಈ ಶನಿವಾರ ಸಂಜೆ 5ಕ್ಕೆ ಸಾಲಗಾಮೆ ರಸ್ತೆಯ ನಮ್ಮ ಮಾಮೂಲಿ ಮಹಡಿಯಲ್ಲೇ ಸಿನಿಮಾ.

"ದುಡ್ಡಿಲ್ಲದೆ ತೆಗೆದ ದೆವ್ವದ ಚಿತ್ರ ಯಾಕ್ರೀ ನೋಡ್ಬೇಕು?" ಅಂತ ಕೇಳಿದ್ರಲ್ಲ, ನಿಜ, ಇಂಥವು ಬಹುಪಾಲು ಬೋರೇ. ಆದ್ರೆ ಈ ಸಲದ್ದು 1968ರ 'ನೈಟ್ ಆಫ್ ದಿ ಲಿವಿಂಗ್ ಡೆಡ್'. ಖರ್ಚು ಸುಮಾರು 1,14,000 ಡಾಲರ್, ಕಥೆ ಹೆಚ್ಚುಕಡಿಮೆ ಒಂದೇ ತೋಟದ ಮನೆಯೊಳಗೆ. ಇವತ್ತಿನ ಜಾಂಬಿ (ಎದ್ದು ಓಡಾಡೋ ಹೆಣಗಳ) ಚಿತ್ರಗಳೆಲ್ಲ ಇದರ ಸಾಲಗಾರರೇ. ಕಪ್ಪು-ಬಿಳುಪು, 96 ನಿಮಿಷ.

ಹೆಣ ತಿನ್ನೋ ದೃಶ್ಯಗಳಿವೆ, ಚಿಕ್ಕ ಮಕ್ಕಳು ಬೇಡ. ಬೇಲೂರು, ಅರಸೀಕೆರೆ ಕಡೆಯವರು ವಾಪಸ್ ಬಸ್ಸಿನ ಸಮಯ ಮೊದಲೇ ನೋಡ್ಕೊಳ್ಳಿ. ಯಾರ ಹತ್ರವಾದ್ರೂ ಒಳ್ಳೆ ಸ್ಪೀಕರ್ ಇದ್ರೆ ತನ್ನಿ. ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ "ಬರ್ತೀನಿ" ಅಂತ ಹಾಕಿ, ಕಾಫಿ-ಬೋಂಡಾ ಲೆಕ್ಕಕ್ಕೆ ಬೇಕು.