ಸೈಕ್ಲೋನ್‌ಗೆ ಹೆಸರು ಬರುವ ತನಕ ಕಾಯುವುದು ಬೇಡ

ಮಾನ್ಯ ಸಂಪಾದಕರೇ,

ಅಕ್ಟೋಬರ್ ಬಂತು. ಇನ್ನು ಡಿಸೆಂಬರ್ ಮುಗಿಯುವ ತನಕ ಬಂಗಾಳಕೊಲ್ಲಿಯ ವಾಯುಭಾರ ಕುಸಿತದ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ. ನಮ್ಮ ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆ ಅದನ್ನು ಓದಿ, ‘ಚೆನ್ನೈಯವರಿಗೆ ಕಷ್ಟ, ಪಾಪ’ ಅಂದು ಪುಟ ತಿರುಗಿಸುವವರೇ ಜಾಸ್ತಿ. ಚೆನ್ನೈ ನಮಗೆ 250 ಕಿಲೋಮೀಟರ್ ಒಳಗೇ ಇದೆ. ಅಲ್ಲಿ ದಡ ಮುಟ್ಟಿದ ಮೋಡ ಮರುದಿನವೇ ನಮ್ಮ ಮೇಲಿರುತ್ತದೆ.

2021ರ ನವೆಂಬರ್ ಯಾರಿಗೂ ಮರೆತಿಲ್ಲ ಅಲ್ವಾ? ಕೆರೆಗಳು ಕೋಡಿ ಹರಿದವು. ಕೊಯ್ದ ರಾಗಿ ಹೊಲದಲ್ಲೇ ಮೊಳಕೆ ಒಡೆಯಿತು. ಟೊಮೆಟೊ ಗಿಡದಲ್ಲೇ ಕೊಳೆಯಿತು. ಆ ತಿಂಗಳ 19ರಂದು ಚೆನ್ನೈ ಹತ್ತಿರ ದಡ ದಾಟಿದ್ದು ಬರೀ ವಾಯುಭಾರ ಕುಸಿತ. ಅದಕ್ಕೊಂದು ಹೆಸರೂ ಇರಲಿಲ್ಲ. ಗಾಳಿಯ ವೇಗ ಗಂಟೆಗೆ 62 ಕಿಲೋಮೀಟರ್ ಮುಟ್ಟಿದರೆ ಮಾತ್ರ ಹವಾಮಾನ ಇಲಾಖೆ ಚಂಡಮಾರುತ ಅಂದು ಹೆಸರಿಡುತ್ತದೆ. ಮ್ಯಾಂಡಸ್, ಮಿಚಾಂಗ್, ಫೆಂಗಲ್ ಎಲ್ಲ ಹಾಗೆ ಬಂದ ಹೆಸರುಗಳು. ನೆಲಕ್ಕೆ ಬಂದ ಮೇಲೆ ಗಾಳಿಯ ಸೊಕ್ಕು ಇಳಿಯುತ್ತದೆ, ನೀರು ಮಾತ್ರ ಮೋಡದಲ್ಲೇ ಉಳಿದಿರುತ್ತದೆ. ನಮ್ಮನ್ನು ಕೆಡಿಸುವುದು ಆ ನೀರು. ಆದ್ದರಿಂದ ಹೆಸರು ಬರಲಿ, ಆಮೇಲೆ ನೋಡೋಣ ಅಂದರೆ ತಡವಾಗುತ್ತದೆ.

ನಾನು ಅಂಗನವಾಡಿ ಕಾರ್ಯಕರ್ತೆಯಾಗಿದ್ದು ನಿವೃತ್ತಳಾದವಳು. ಸರ್ವೆಗೆಂದು ಮನೆಮನೆ ಹತ್ತಿ ಇಳಿದಿದ್ದೇನೆ. ಯಾರ ಮನೆಯ ಗೋಡೆ ಮಣ್ಣಿನದು, ಯಾರ ಮಾಳಿಗೆ ಸೋರುತ್ತದೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ನನ್ನ ದೊಡ್ಡ ಚಿಂತೆ ಆ ಮನೆಗಳದ್ದೇ. ಜೋರು ಮಳೆ ಒಂದು ಗಂಟೆ ಹೊಯ್ದು ನಿಂತರೆ ಮಣ್ಣಿನ ಗೋಡೆ ತಾಳಿಕೊಳ್ಳುತ್ತದೆ. ಜಡಿ ಹಿಡಿದು ಮೂರು ದಿನ ಸುರಿದರೆ ಬುಡದಿಂದ ನೀರು ಕುಡಿಯುತ್ತಾ ಹೋಗುತ್ತದೆ. ಹೊರಗಡೆ ಉಬ್ಬುತ್ತದೆ, ಹೊಸ ಬಿರುಕು ಬಿಡುತ್ತದೆ, ಸರಿಯಾಗಿ ಮುಚ್ಚುತ್ತಿದ್ದ ಬಾಗಿಲು ಬಿಗಿಯಾಗುತ್ತದೆ. ಇದರಲ್ಲಿ ಒಂದು ಕಂಡರೂ ಆ ರಾತ್ರಿ ಅಲ್ಲಿ ಮಲಗಬಾರದು. ನಮ್ಮ ಬೀದಿಯ ಅಜ್ಜಿಯೊಬ್ಬರನ್ನು ಸೊಸೆ ಹೀಗೆ ಬಾಗಿಲು ಬಿಗಿಯಾದ ಸಂಜೆಯೇ ಪಕ್ಕದ ಆರ್‌ಸಿಸಿ ಮನೆಗೆ ಕರೆದುಕೊಂಡು ಹೋದಳು. ಬೆಳಿಗ್ಗೆ ನೋಡಿದರೆ ಹಿಂದಿನ ಗೋಡೆ ಅಜ್ಜಿಯ ಹಾಸಿಗೆ ಮೇಲೇ ಬಿದ್ದಿತ್ತು. ಆ ಹುಡುಗಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅವಳೇ ಗಮನಿಸಿದ್ದಳು. ಮಳೆ ನಿಂತ ಮೇಲೂ ಗೋಡೆ ಒಣಗುವ ತನಕ ನಂಬಬೇಡಿ. ಈಗಲೇ ಗೋಡೆಯ ಬುಡಕ್ಕೆ ಮಣ್ಣು ಏರಿಸಿ ನೀರು ಆಚೆ ಹರಿಯುವಂತೆ ಮಾಡಿ. ತಾರಸಿ ಮನೆಯವರು ನೀರು ಇಳಿಯುವ ಪೈಪಿನ ಬಾಯಲ್ಲಿ ಸೇರಿದ ಎಲೆ, ಕಸ ತೆಗೆಯಿರಿ.

ಇನ್ನು ನೀರಿನ ವಿಚಾರ. ಮಳೆ ಬರುವಾಗ ನೀರು ಯಾಕೆ ಹಿಡಿಯಬೇಕು ಅನ್ನಿಸಬಹುದು. ನಮ್ಮಲ್ಲಿ ಫ್ಲೋರೈಡ್ ಇರುವ ಬೋರ್‌ವೆಲ್ ನೀರನ್ನೇ ಶುದ್ಧ ಮಾಡಿಕೊಂಡು ಕುಡಿಯುತ್ತೇವೆ. ಕರೆಂಟ್ ಹೋದರೆ ಬೋರೂ ಇಲ್ಲ, ಊರಿನ ಶುದ್ಧ ನೀರಿನ ಘಟಕವೂ ಇಲ್ಲ. ಹಿಂದಿನ ದಿನವೇ ಕ್ಯಾನ್‌ಗಳನ್ನು ತುಂಬಿಸಿಡಿ. ಚರಂಡಿ ಪಕ್ಕದಲ್ಲಿರುವ ಸಂಪ್‌ಗೆ ಕೊಳಕು ನೀರು ನುಗ್ಗಿದ್ದರೆ ಕಾಯಿಸದೆ ಮಕ್ಕಳಿಗೆ ಕೊಡಲೇಬೇಡಿ. ಟಾರ್ಚ್, ಚಾರ್ಜ್ ಆದ ಫೋನ್, ಬಿಪಿ ಶುಗರ್ ಮಾತ್ರೆ, ಒಣ ಸೌದೆ, ಹಸುವಿಗೆ ಒಣ ಹುಲ್ಲು ಇವೆಲ್ಲ ನಿಮಗೆ ಗೊತ್ತಿದ್ದದ್ದೇ. ಪಹಣಿ, ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ಕನ್ನು ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಎತ್ತರದಲ್ಲಿಡಿ. ತಂತಿ ಬಿದ್ದಿದ್ದರೆ ಹತ್ತಿರ ಹೋಗದೆ 1912ಕ್ಕೆ ಫೋನ್ ಮಾಡಿ.

ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಗಳ ಬಗ್ಗೆ ಜೋರಾಗಿಯೇ ಹೇಳಬೇಕು. ಅದು ತುಂಬಿದಾಗ ಜಾರಿದ ಮಗು ತಾನಾಗಿ ಹತ್ತಿ ಬರಲು ಆಗುವುದಿಲ್ಲ. ಮಳೆಗೆ ಶಾಲೆಗೆ ರಜೆ ಕೊಟ್ಟ ದಿನ ಮಕ್ಕಳು ನೀರು ನೋಡಲು ಹೋಗೇ ಹೋಗುತ್ತಾರೆ. ಸುತ್ತ ಬೇಲಿ ಹಾಕಿ. ಅದಾಗದಿದ್ದರೆ ಗಟ್ಟಿ ಗೂಟಕ್ಕೆ ಹಗ್ಗ ಕಟ್ಟಿ, ಅಲ್ಲಲ್ಲಿ ಗಂಟು ಹಾಕಿ ಒಳಗೆ ಇಳಿಬಿಡಿ.

ರಾಗಿ ಬೆಳೆದವರು ಮುನ್ಸೂಚನೆ ನೋಡಿಕೊಂಡು ಕೊಯ್ಲಿಗೆ ಇಳಿಯಿರಿ. ಕೊಯ್ದದ್ದನ್ನು ಮೆದೆ ಹಾಕಿ ಟಾರ್ಪಾಲ್ ಹೊದಿಸಿ. ಬೆಳೆ ವಿಮೆ ಕಟ್ಟಿದ್ದರೆ, ಕೊಯ್ದು ಹೊಲದಲ್ಲಿ ಒಣಗಲು ಹರಡಿದ ಬೆಳೆಗೂ 14 ದಿನದ ತನಕ ರಕ್ಷಣೆ ಇದೆ. ಹಾಳಾದರೆ 72 ಗಂಟೆಯೊಳಗೆ ತಿಳಿಸಬೇಕು. ಇದು ಗೊತ್ತಿಲ್ಲದೆ ಎಷ್ಟೋ ಜನ ಸುಮ್ನೆ ಕೂತುಬಿಡುತ್ತಾರೆ. ಮನೆಯಾಗಲಿ ಬೆಳೆಯಾಗಲಿ, ಬಿದ್ದದ್ದನ್ನು ಎತ್ತುವ ಮೊದಲು ಫೋಟೊ ತೆಗೆಯಿರಿ.

ಪಂಚಾಯಿತಿಯವರಿಗೂ ಒಂದು ಮಾತು. ನಾವು ಬರದ ಜಿಲ್ಲೆಯವರು. ಕೆರೆ ತುಂಬುವುದೇ ಇಲ್ಲ ಅಂದುಕೊಂಡು ಕೋಡಿ ಕಾಲುವೆಯನ್ನು ಮರೆತುಬಿಟ್ಟಿದ್ದೆವು. ಅದರಲ್ಲಿ ಜಾಲಿ ಬೆಳೆಯಿತು, ಕೆಲವು ಕಡೆ ಮನೆಗಳೂ ಎದ್ದವು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಬರುತ್ತಿರುವ ಕೆರೆಗಳು ಮಳೆಗೆ ಮೊದಲೇ ತುಂಬಿಕೊಂಡಿರಬಹುದು. ಅಂಥ ಕೆರೆಗೆ ಸೈಕ್ಲೋನ್ ಮಳೆ ಬಿದ್ದರೆ ನೀರು ನಿಲ್ಲಲು ಜಾಗವೆಲ್ಲಿ? ಕಾಲುವೆಯ ಜಾಲಿಯನ್ನು ಈ ತಿಂಗಳೇ ಕಡಿಸಿ. ಮಣ್ಣಿನ ಮನೆಗಳ ಪಟ್ಟಿ ಆಶಾ, ಅಂಗನವಾಡಿಯವರನ್ನು ಕೇಳಿದರೆ ಒಂದೇ ದಿನದಲ್ಲಿ ಸಿಗುತ್ತದೆ. ರಾತ್ರಿ ಹೊತ್ತು ಆಸರೆಗೆ ಹೋಗಲು ಶಾಲೆಯ ಬೀಗದ ಕೈ ಯಾರ ಹತ್ತಿರ ಇರುತ್ತದೆ ಅನ್ನುವುದು ಆ ಮನೆಯವರಿಗೆ ಮೊದಲೇ ತಿಳಿದಿರಲಿ.

ಸಂಪಾದಕರೇ, ನಿಮ್ಮಲ್ಲೂ ಒಂದು ಬೇಡಿಕೆ ಇದೆ. ‘ಆರೆಂಜ್ ಅಲರ್ಟ್’ ಅಂದು ದಪ್ಪಕ್ಷರದಲ್ಲಿ ಹಾಕುತ್ತೀರಿ. ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕೂಡಲೇ ಕ್ರಮ ತೆಗೆದುಕೊಳ್ಳಿ ಅಂತ ಅದರ ಕೆಳಗೇ ಪ್ರತಿ ಸಲವೂ ಬರೆಯಿರಿ. ದಿನಕ್ಕೆ 64.5 ಮಿಲಿಮೀಟರ್ ಮುಟ್ಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ ಮಳೆ ಅನ್ನುವುದೂ ಇರಲಿ. ಜೊತೆಗೆ ಮಳೆ ಮಾಹಿತಿ ಕೊಡುವ ವರುಣಮಿತ್ರ ಸಹಾಯವಾಣಿ 92433 45433 ಮತ್ತು ಜಿಲ್ಲಾ ಕಂಟ್ರೋಲ್ ರೂಂನ 1077 ಸಂಖ್ಯೆಗಳನ್ನು ಕೋಲಾರದ ಪುಟದಲ್ಲಿ ಡಿಸೆಂಬರ್ ಕೊನೆಯ ತನಕ ದಿನವೂ ಹಾಕಿ.

– ನಿವೃತ್ತ ಅಂಗನವಾಡಿ ಕಾರ್ಯಕರ್ತೆ, ಮುಳಬಾಗಿಲು ತಾಲ್ಲೂಕು